ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ನಮ್ಮ ಮನೆಯ ಮೊಸರಿಗೊಂದು ವಂಶಾವಳಿಯಿದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಮೊಸರಿಲ್ಲದೆ ಮೊಸರು ಮಾಡಿದವರನ್ನು ನೀವು ಕಂಡಿದ್ದೀರಾ? ಇಂದಿನ ಗಟ್ಟಿ ಮೊಸರಿಗೆ ನಿನ್ನೆಯದೊಂದು ಚಮಚ, ನಿನ್ನೆಯದಕ್ಕೆ ಮೊನ್ನೆಯದು, ಹೀಗೆ ಹಿಂದೆ ಹಿಂದೆ ನಡೆದರೆ ಕೊನೆಗೆ ಯಾರದೋ ಬಾಗಿಲಲ್ಲಿ ಪುಟ್ಟ ಬಟ್ಟಲು ಹಿಡಿದು, "ಒಂಚೂರು ಹೆಪ್ಪು ಕೊಡ್ತೀರಾ?" ಎಂದು ಹಲ್ಲು ಕಿರಿಯುತ್ತ ನಿಂತಿರುತ್ತೇವೆ. ಎಂಥ ಜಂಬದ ಗೃಹಿಣಿಯೂ ಹೆಪ್ಪಿನ ವಿಷಯದಲ್ಲಿ ಬೇಡಿದವಳೇ. ನಾನು ಬೇಡಿದ್ದು ಹೊಸ ತಿಪ್ಪಸಂದ್ರದಲ್ಲಿ, ನಮ್ಮ ಮನೆ ಓನರು ಮುನಿತಾಯಮ್ಮನವರ ಬಳಿ.

ತೊಂಬತ್ತರ ದಶಕದ ಮಾತು. ಮುನಿತಾಯಮ್ಮ ಆ ಕಡೆಯ ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸೈಟು ಬೆಳೆದ ಮೇಲೆ, ಉಳಿದ ತುಂಡು ಜಾಗದಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಮಾತು ಒರಟು, ಕೈ ಧಾರಾಳ. ಹೆಪ್ಪು ಕೇಳಿದರೆ ಚಮಚವಲ್ಲ, ಸೌಟೇ ಬೀಳುತ್ತಿತ್ತು. ಆದರೆ ಒಂದು ಕಟ್ಟಳೆ. ಹೊತ್ತು ಮುಳುಗಿ ದೇವರ ಮುಂದೆ ದೀಪ ಹಚ್ಚಿದರೋ, ಆಮೇಲೆ ಮೊಸರು, ಉಪ್ಪು, ಸೂಜಿ ಯಾವುದೂ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಹಿಂದೆಯೇ ಲಕ್ಷ್ಮಿಯೂ ಹೊರಟುಬಿಡುತ್ತಾಳೆ. ಒಮ್ಮೆ ಮರೆತು ಏಳು ಗಂಟೆಗೆ ಬಟ್ಟಲು ಹಿಡಿದು ಹೋದ ನಾನು, "ಓದಿದೋಳಾಗಿ ಅಷ್ಟೂ ಗೊತ್ತಾಗಲ್ವೇನಮ್ಮ?" ಎಂದು ಉಗಿಸಿಕೊಂಡು ಬಂದಿದ್ದೆ.

ಸಾಲಿನ ಕೊನೆಯ ಮನೆಗೆ ರಾಯಚೂರು ಕಡೆಯಿಂದ ಶರಣಮ್ಮ ಮತ್ತವಳ ಗಂಡ ಬಂದರು. ಅವನು ಕಟ್ಟಡಗಳ ತಾರಸಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು. ಕುಡಿತವಿಲ್ಲ, ಬೀಡಿಯಿಲ್ಲ, ಎದುರು ಸಿಕ್ಕರೆ "ಆರಾಮ್ರೀ ಅಕ್ಕಾರ?" ಎಂದು ತಲೆ ತಗ್ಗಿಸಿ ಹೋಗುವಷ್ಟು ಮರ್ಯಾದಸ್ಥ. ಕುಡುಕನಾಗಿದ್ದರೆ ಪಾಪವನ್ನೆಲ್ಲ ಬಾಟಲಿಯ ಮೇಲೆ ಹೊರಿಸಿ ನಾವು ಸಮಾಧಾನಪಡಬಹುದಿತ್ತು. ಸಂಜೆ ಬಾಗಿಲು ಹಾಕಿಕೊಂಡ ಮೇಲೆ ಒಳಗಿನಿಂದ ಧಡ್ ಎಂಬ ಸದ್ದು, ಪಾತ್ರೆ ಉರುಳುವ ಸದ್ದು, ಆಮೇಲೆ ಸದ್ದೇ ಇಲ್ಲ. ಆ ಮೌನಕ್ಕೇ ನನಗೆ ಹೆಚ್ಚು ಭಯವಾಗುತ್ತಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಅವಳ ಊದಿದ ಕೆನ್ನೆ ಕಂಡು ವಿಚಾರಿಸಿದರೆ, "ಬಚ್ಚಲದಾಗ ಕಾಲು ಜಾರಿತ್ರೀ ಅಕ್ಕಾ." ನಮ್ಮೆಲ್ಲರ ಮನೆಗೂ ಅಂಥದೇ ಬಚ್ಚಲು. ಅದು ಅವಳೊಬ್ಬಳನ್ನೇ ಏಕೆ ಬೀಳಿಸುತ್ತಿತ್ತೋ!

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎನ್ನುತ್ತ ವಠಾರದ ಗಂಡಸರು ಟೀವಿಯ ದನಿ ಏರಿಸುತ್ತಿದ್ದರು. ಈ ಗಾದೆ ಕಟ್ಟಿದ ಪುಣ್ಯಾತ್ಮ ಯಾರೋ ಕಾಣೆ, ಹೊಟ್ಟೆ ತುಂಬ ಉಂಡು ಗೊರಕೆ ಹೊಡೆದವನೇ ಇರಬೇಕು. ದವಡೆ ನೋಯುತ್ತ ಉಣ್ಣಲಾಗದವಳನ್ನು, ಮಲಗಲು ಹೆದರಿ ಗೋಡೆಗೊರಗಿ ಕೂತವಳನ್ನು, ನೀನೂ ಒಂದು ಗಾದೆ ಕಟ್ಟು ಬಾ ಎಂದು ಯಾರೂ ಕರೆಯಲಿಲ್ಲ. ಜಗಳವೆಂದರೆ ಮಾತಿಗೆ ಮಾತು, ಅದಕ್ಕೆ ಇಬ್ಬರು ಬೇಕು. ಒಬ್ಬರು ಹೊಡೆಯುವುದಕ್ಕೂ ಇನ್ನೊಬ್ಬರು ಹೊಡೆಸಿಕೊಳ್ಳುವುದಕ್ಕೂ ಜಗಳವೆಂದು ಹೆಸರಿಟ್ಟು ನಾವು ಕೈ ತೊಳೆದುಕೊಂಡಿದ್ದೇವೆ, ಅಷ್ಟೆ. ಬಿಟ್ಟು ಹೋಗಬಾರದೇ ಎನ್ನುವವರೂ ಇದ್ದರು. ಎಲ್ಲಿಗೆ ಹೋಗುವುದು ಸ್ವಾಮಿ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಇನ್ನೊಂದು ಗಾದೆ ತವರಿನ ಬಾಗಿಲಿಗೆ ಅಡ್ಡ ನಿಂತಿತ್ತು.

ಒಂದು ಸಂಜೆ ಮುನಿತಾಯಮ್ಮ ದೀಪ ಹಚ್ಚಿ, ಊದುಬತ್ತಿ ಹಿಡಿದು ಹೊಸ್ತಿಲಿಗೆ ಬಂದಿದ್ದರು. ಕೊನೆಯ ಮನೆಯಲ್ಲಿ ಧಡ್ ಎಂದಿತು. ಊದುಬತ್ತಿಯನ್ನು ತುಳಸಿ ಕುಂಡದ ಮಣ್ಣಿಗೆ ಸಿಕ್ಕಿಸಿದವರೇ ಒಳಗಿಂದ ಬಟ್ಟಲೊಂದನ್ನು ತಂದು, ನೆಟ್ಟಗೆ ಹೋಗಿ ಆ ಬಾಗಿಲು ಬಡಿದರು.

"ಶರಣಮ್ಮಾ, ಒಂಚೂರು ಹೆಪ್ಪು ಕೊಡವ್ವ!"

ನಾನು ನನ್ನ ಬಾಗಿಲಲ್ಲಿ ಬೆಪ್ಪಾಗಿ ನಿಂತೆ. ಮನೆಯಲ್ಲಿ ಪಾತ್ರೆ ತುಂಬ ಮೊಸರಿಟ್ಟುಕೊಂಡ ಹೆಂಗಸು, ಅದೂ ದೀಪ ಹಚ್ಚಿದ ಮೇಲೆ!

ಬಾಗಿಲು ತೆರೆದವನು ಗಂಡ. "ಹೊತ್ತು ಮುಣುಗೇತ್ರೀ ಅಮ್ಮಾರ, ಈಗ ಮೊಸರು ಕೊಡಬಾರದಲ್ರೀ" ಎಂದ, ವಿನಯದಿಂದಲೇ.

"ದೀಪ ಹಚ್ಚಿದ್ಮೇಲೆ ಮೊಸರು ಕೊಡಬಾರದು, ಹೆಣ್ಮಗಳಿಗೆ ಒದೆ ಕೊಡಬೋದೇನಪ್ಪಾ? ಅದ್ಯಾವ ಶಾಸ್ತ್ರ, ನಂಗೂ ಒಸಿ ಹೇಳು" ಎಂದ ಮುನಿತಾಯಮ್ಮ, ಹೊಸ್ತಿಲ ಮೇಲೆ ಕೂರಬಾರದೆಂಬ ಶಾಸ್ತ್ರವನ್ನೂ ಅದೇ ಏಟಿಗೆ ಮುರಿದು ಅಲ್ಲೇ ಕೂತುಬಿಟ್ಟರು. "ಅವಳೇ ತಂದ್ಕೊಡ್ಲಿ. ನಂಗೇನ್ ಅವಸರ ಇಲ್ಲ."

ಶರಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮೊಸರು ತಂದಳು. ಬಟ್ಟಲಿಗೆ ಹಾಕುವಾಗ ಅರ್ಧ ನೆಲಕ್ಕೇ ಚೆಲ್ಲಿತು.

ಅಂದಿನಿಂದ ವಠಾರದ ಹೆಂಗಸರಿಗೆ ಅದೇ ರೂಢಿಯಾಯಿತು. ಆ ಮನೆಯಲ್ಲಿ ಸದ್ದಾದರೆ ಯಾರಾದರೂ ಬಟ್ಟಲು ಹಿಡಿದು ಹೊರಡುವುದು. ಮೊಸರು ಕಂಡರೆ ಮುಖ ಸಿಂಡರಿಸುತ್ತಿದ್ದ ಪಕ್ಕದ ಮನೆಯ ಸೆಲ್ವಿಯೂ "ಕೊಂಜ ತಯಿರ್" ಎಂದು ತಮಿಳಿನಲ್ಲೇ ಒಂಚೂರು ಮೊಸರು ಕೇಳುತ್ತ ಹೋಗಿ ನಿಲ್ಲುತ್ತಿದ್ದಳು. ಆದರೆ ಬಟ್ಟಲು ಒಂದು ಸಂಜೆಯ ಹೊಡೆತವನ್ನು ತಡೆಯಬಹುದೇ ಹೊರತು ಹೊಡೆಯುವವನನ್ನಲ್ಲ. ಈ ಮನೆ ಬೇಡ, ಹೊಸಕೋಟೆ ಕಡೆ ಕಟ್ಟಡದ ಶೆಡ್ಡಿಗೆ ಹೋಗೋಣವೆಂದು ಅವನು ಗಂಟು ಕಟ್ಟಲು ಹೇಳಿದನಂತೆ. ಬಾಗಿಲು ಬಡಿಯುವವರಿಲ್ಲದ ಕಡೆ ಅವಳ ಗತಿ ಏನು?

ಅಷ್ಟರಲ್ಲಿ ಅವಳಿಗೆ ಬುದ್ಧಿ ಹೇಳದವರು ಯಾರೂ ಉಳಿದಿರಲಿಲ್ಲ. ಹೊಂದಿಕೊಂಡು ಹೋಗು ಎಂದವರು ಕೆಲವರು, ಪೊಲೀಸಿಗೆ ಹೋಗು ಎಂದವರು ಕೆಲವರು. ಬುದ್ಧಿ ಹೇಳುವುದಕ್ಕೇನು ಬಿಡಿ, ಕಾಸಿಲ್ಲ ಖರ್ಚಿಲ್ಲ! ಅವಳನ್ನೇ ಕೇಳಿದವರು ಮಾತ್ರ ಮುನಿತಾಯಮ್ಮ ಒಬ್ಬರೇ. "ನಿಂಗೇನ್ ಬೇಕು, ನೀನ್ ಹೇಳವ್ವ." ಶರಣಮ್ಮ ಸೆರಗಿನ ತುದಿ ಸುರುಳಿ ಸುತ್ತುತ್ತ, "ಒಂದು ರಾತ್ರಿ ಹೆದರದಾಂಗ ಮಲಗಬೇಕ್ರೀ ಅಮ್ಮಾ" ಎಂದಳು. ಅಂಥವರಿಗೆ ನೆರವಾಗುವ ಜಾಗವೊಂದರ ವಿಳಾಸ ಪೇಪರಿನಲ್ಲಿ ಓದಿದ್ದು ನೆನಪಾಗಿ, ನಾನು ಮನೆಗೆ ಹೋಗಿ ಹಳೇ ಪೇಪರಿನ ಕಟ್ಟು ಬಿಚ್ಚಿದೆ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಶರಣಮ್ಮ, ಮುನಿತಾಯಮ್ಮ, ನಾನು ಮೂವರೂ ಆಟೋ ಹತ್ತಿ ಪುಲಿಕೇಶಿನಗರದ ಮಹಿಳಾ ಸಹಾಯ ಕೇಂದ್ರವೊಂದಕ್ಕೆ ಹೋದೆವು. ಅಲ್ಲಿದ್ದ ನಡುವಯಸ್ಸಿನ ಹೆಂಗಸು, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಲಿಲ್ಲ, ಮೊದಲು ಕೇಳಿದ್ದು "ಊಟ ಆಯ್ತಾಮ್ಮ?" ಎಂದು. ಆ ಮಾತಿಗೇ ಶರಣಮ್ಮ ಬಿಕ್ಕಿ ಬಿಕ್ಕಿ ಅತ್ತಳು, ಅತ್ತು ಉಂಡಳು, ಉಂಡು ಅಲ್ಲೇ ಬೆಂಚಿನ ಮೇಲೆ ಮಲಗಿ ನಿದ್ದೆ ಹೋದಳು. ಉಂಡು ಮಲಗುವ ಗಾದೆ ಕಡೆಗೂ ಒಂದು ಕಡೆ ನಿಜವಾಯಿತಲ್ಲ ಎಂದುಕೊಂಡೆ. ಇರಲು ಜಾಗ, ಕೇಸಿಗೆ ವಕೀಲರು, ಕೆಲವು ತಿಂಗಳ ಮೇಲೆ ಗಾರ್ಮೆಂಟ್ಸಿನಲ್ಲಿ ಕೆಲಸ, ಆಮೇಲೆ ಕೆ.ಆರ್. ಪುರದಲ್ಲಿ ಅವಳದೇ ಒಂದು ರೂಮು, ಎಲ್ಲವೂ ನಿಧಾನವಾಗಿ ಕೂಡಿಬಂತು. ಅವನು ಹುಡುಕಿಕೊಂಡು ವಠಾರಕ್ಕೆ ಬಂದದ್ದುಂಟು. ಯಾರ ಮನೆಯಲ್ಲಿ ಇವತ್ತು ಏನು ಸಾರು ಎಂದು ಮೂಗಿನಲ್ಲೇ ಹೇಳಬಲ್ಲ ಹೆಂಗಸರಿಗೆ ಅವಳ ವಿಳಾಸವೊಂದು ಮಾತ್ರ ಗೊತ್ತೇ ಇರಲಿಲ್ಲ!

ವರ್ಷಗಳು ಕಳೆದವು. ಮನೆಯೊಳಗಿನ ಹೊಡೆತದಿಂದ ಹೆಣ್ಣನ್ನು ಕಾಯಲೆಂದೇ ಒಂದು ಕಾನೂನೂ ಬಂತು. ನಾವು ಇಂದಿರಾನಗರದ ಅಪಾರ್ಟ್‌ಮೆಂಟಿಗೆ ಬಂದೆವು. ಈಚೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಫ್ರಿಜ್ಜು ಕೆಟ್ಟು, ಮುನಿತಾಯಮ್ಮನವರ ಕಾಲದಿಂದ ನಡೆದು ಬಂದ ನಮ್ಮ ಮೊಸರಿನ ವಂಶ ನಿರ್ವಂಶವಾಯಿತು. ಆ ಸಂಕಟವನ್ನು ಶರಣಮ್ಮನ ರೂಮಿನಲ್ಲಿ ಕೂತು ತೋಡಿಕೊಂಡೆ. ದೀಪ ಹಚ್ಚಿಯಾಗಿತ್ತು. ಅವಳು ಎದ್ದು ಸ್ಟೀಲ್ ಡಬ್ಬಿಗೆ ಧಾರಾಳವಾಗಿ ಮೊಸರು ಹಾಕಿದಳು. ಅದೂ ಅದೇ ವಂಶದ್ದು, ಮುನಿತಾಯಮ್ಮ ಅವಳ ಹೊಸ ಮನೆಗೆ ಕಳಿಸಿದ ಹೆಪ್ಪಿನದು.

"ಹೊತ್ತು ಮುಳುಗಿದ ಮೇಲೆ ಕೊಡ್ತಿದ್ದೀಯಲ್ಲೇ, ಲಕ್ಷ್ಮಿ ಹೊರಟು ಹೋಗ್ತಾಳೆ ನೋಡು" ಎಂದು ರೇಗಿಸಿದೆ.

"ಹೋಗ್ಲಿ ಬಿಡ್ರೀ ಅಕ್ಕಾ. ಯಾರ ಮನಿಯಾಗ ಏನು ನಡದೈತಿ ಅಂತ ನೋಡ್ಕೊಂಡು ಬರ್ಲಿ" ಎಂದು ನಕ್ಕಳು. ಆ ನಗುವನ್ನು ನಾನು ವಠಾರದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಹೀಗೆ ನಮ್ಮ ಮೊಸರಿನ ವಂಶ ಮತ್ತೆ ಬೆಳೆದಿದೆ. ಇನ್ನೂ ಬರೆಯಬೇಕೆಂದಿದ್ದೆ, ಆದರೆ ಮೇಲಿನ ಮನೆಯಲ್ಲಿ ಈಗಷ್ಟೇ ಧಡ್ ಎಂದಿತು, ಪಾತ್ರೆ ಉರುಳಿತು. ಹೊಸದಾಗಿ ಬಂದ ದಂಪತಿಗಳು, ಅವಳ ಹೆಸರೂ ನನಗೆ ಗೊತ್ತಿಲ್ಲ. ದೀಪ ಹಚ್ಚಿ ಅರ್ಧ ಗಂಟೆಯಾಗಿದೆ, ಮನೆಯಲ್ಲಿ ಪಾತ್ರೆ ತುಂಬ ಮೊಸರಿದೆ. ಕ್ಷಮಿಸಿ, ಬಟ್ಟಲು ಹುಡುಕಬೇಕು.