ಗುಬ್ಬಿ ಎಂಜಲು

ಅಥಣಿಯಲ್ಲಿ ತೂಕ ಇಳಿಸಲೆಂದು ಮುಂಜಾನೆ ನಡೆಯುತ್ತಿದ್ದ ನಾವು ನಾಲ್ವರು ಗೆಳತಿಯರಲ್ಲಿ ಅಂಗನವಾಡಿ ಅಕ್ಕೋರೂ ಒಬ್ಬರು. ನಡಿಗೆ ಮುಗಿದ ಮೇಲೆ ಅವರು ಒಂದೇ ಒಂದು ಶೇಂಗಾ ಉಂಡಿ ತೆಗೆದು, ಸೆರಗಿನಲ್ಲಿ ಸುತ್ತಿ, ಹಲ್ಲಿನಿಂದ ಕಡಿದು ಎಲ್ಲರಿಗೂ ಹಂಚುತ್ತಿದ್ದರು. "ಗುಬ್ಬಿ ಎಂಜಲಕ್ಕ ದೋಷಿಲ್ರಿ. ಇಷ್ಟ ತಿಂದ್ರ ಯಾರೂ ದಪ್ಪ ಆಗೂದಿಲ್ಲ" ಎನ್ನುವುದು ದಿನದ ಮಾತು. ತಿಂದೆವು, ತುಸು ಇಳಿದೆವು ಕೂಡ.

ಒಂದು ದಿನ ತೂಕ ಏರಿದ ಸಿಟ್ಟಿಗೆ ನಾನು, "ನನಗ ಯಾರ ಎಂಜಲಾನೂ ಬ್ಯಾಡ್ರಿ" ಎಂದುಬಿಟ್ಟೆ. ನನಗೆ ಬೇಡವಾಗಿದ್ದದ್ದು ಉಂಡಿಯ ಬೆಲ್ಲ. ಆದರೆ ನಾನು ದ್ರಾಕ್ಷಿ ತೋಟದ ಮನೆಯವಳು; ಊರಾಚೆಯ ಅಕ್ಕೋರ ಕೇರಿ ಆ ಶಬ್ದವನ್ನು ನಮ್ಮಂಥವರ ಬಾಯಲ್ಲಿ ಹಿಂದೆಯೂ ಕೇಳಿತ್ತು. ಅವರು ಸೆರಗು ಝಾಡಿಸಿ, "ಹೌದ್ರಿ" ಎಂದರು, ಅಷ್ಟೇ.

ಮರುದಿನವೂ ಬಂದರು. ನಾಲ್ಕು ಉಂಡಿ ತಂದಿದ್ದರು, ಒಬ್ಬೊಬ್ಬರಿಗೆ ಇಡಿಯಾಗಿ ಒಂದೊಂದು, ಬೇರೆ ಬೇರೆ ಕಾಗದದಲ್ಲಿ ಸುತ್ತಿ.