ಮುಹೂರ್ತದ ರೀಡು

ಮೇಷ್ಟ್ರ ಕೆಳದುಟಿಯ ಒಳಮಗ್ಗುಲಲ್ಲಿ ಹುಣಸೆಬೀಜ ಕೂರುವಷ್ಟು ಒಂದು ಗುಳಿ ಇತ್ತು. ಮೂವತ್ತು ವರ್ಷ ಸ್ಯಾಕ್ಸೋಫೋನ್ ಊದಿ, ಹಲ್ಲು ಒತ್ತಿ ಆದ ಗುಳಿ. ಮಾತಾಡುವಾಗಲೂ ಅವರ ಬಾಯಿಯ ಎಡಮೂಲೆಯಲ್ಲಿ ಒಂದು ರೀಡು ನೆನೆಯುತ್ತಿರುತ್ತಿತ್ತು. ಹಾಗಾಗಿ ಬೈಗುಳವೆಲ್ಲ ಬಲಮೂಲೆಯಿಂದಲೇ ಬರುತ್ತಿತ್ತು.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಸಲೂನು. ಮದುವೆ ಇದ್ದ ದಿನ ಅದಕ್ಕೆ ಬೀಗ. ನಮ್ಮ ಓಲಗದ ತಂಡಕ್ಕೆ ಅವರೇ ಯಜಮಾನರು. ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ ನಾನು ಅವರ ಪಕ್ಕ ನಿಲ್ಲುವ ಎರಡನೇ ಸ್ಯಾಕ್ಸೋಫೋನಿನವನು. ಮೊದಲನೆಯವನಾದದ್ದು ಹೇಗೆ ಎಂಬುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ರೀಡು ಅಂದರೆ ಜೊಂಡಿನ ತೆಳು ಚಕ್ಕೆ. ಮೌತ್‌ಪೀಸಿಗೆ ಬಿಗಿದು ಊದಿದರೆ ಅದು ನಡುಗಿ ಸ್ವರ ಹುಟ್ಟುತ್ತದೆ. ಹತ್ತರಲ್ಲಿ ಎರಡು ಒಳ್ಳೆಯವು ಸಿಕ್ಕರೆ ಪುಣ್ಯ. ಮಿಕ್ಕವನ್ನು ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕ್ಷೌರದ ಕತ್ತಿಯಲ್ಲಿ ಹೆರೆದು ದಾರಿಗೆ ತರುತ್ತಿದ್ದರು. ಎಲ್ಲಕ್ಕಿಂತ ಒಳ್ಳೆಯದರ ಬೆನ್ನಿಗೆ ಪೆನ್ಸಿಲಿನಲ್ಲಿ ‘ಮು’ ಎಂದು ಬರೆದು ಬೆಂಕಿಪೆಟ್ಟಿಗೆಯಲ್ಲಿ ಇಡುವರು. ಅದು ಮುಹೂರ್ತದ ರೀಡು. ತಾಳಿ ಕಟ್ಟುವ ಗಳಿಗೆಯ ಗಟ್ಟಿಮೇಳಕ್ಕೆ ಮಾತ್ರ.

“ಆ ಹೊತ್ನಲ್ಲಿ ಯಾರಾನಾ ಸೀನಿದ್ರೆ ಕೇಳಿಸ್ಬಾರ್ದು ಅಂತ ನಮ್ಮನ್ನ ಕರ್ಸೋದು ಕಣ್ಲಾ. ನಾವೇ ಸೀನಿದ್ರೆ ಏನ್ ಗತಿ?” ಎನ್ನುತ್ತಿದ್ದರು.

ಮೌತ್‌ಪೀಸ್ ತೊಳೆಯುವ ಕೆಲಸ ನನ್ನದು. ಕಪ್ಪು ಗಟ್ಟಿ ರಬ್ಬರಿನದು. “ತಣ್ಣೀರು. ಬಿಸಿನೀರ್ ತೋರಿಸ್ಬೇಡ” ಎಂದು ನೂರು ಸಲ ಹೇಳಿದ್ದರು. ಅದು ತೊಂಬತ್ತರ ದಶಕದ ಕೊನೆ. ಮಾಘ ಮಾಸದ ಒಂದು ಬೆಳಿಗ್ಗೆ ಚಳಿಗೆ ನನ್ನ ಕೈ ಮರಗಟ್ಟಿತ್ತು. ಪೀಸಿಗೆ ಹಿಡಿದ ಎಲೆಅಡಿಕೆಯ ಜಿಗುಟು ಬಿಡುತ್ತಿರಲಿಲ್ಲ. ನಮ್ಮ ಮನೆಯ ಹಂಡೆಯಿಂದ ಕುದಿನೀರು ಬಗ್ಗಿಸಿ ಅದರಲ್ಲಿ ಹಾಕಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಪೀಸು ಬಾಡಿದ ಬಾಳೆ ಎಲೆಯ ಬಣ್ಣಕ್ಕೆ ತಿರುಗಿತ್ತು. ಮಂಡಿಯಿಂದ ತಂದಿದ್ದ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ, ಕಪ್ಪು ಬರುವವರೆಗೂ ಉಜ್ಜಿದೆ. ಬಣ್ಣ ಬಂತು.

ಮಾರನೆಯ ದಿನ ಸಲೂನಿನಲ್ಲಿ ಮೇಷ್ಟ್ರು ಪೀಸನ್ನು ಬಾಯಿಗಿಟ್ಟವರೇ ಹೊರಗೆ ತೆಗೆದರು. “ಏನ್ಲಾ, ಕೊಬ್ರಿ ಎಣ್ಣೆ ಹಚ್ಚಿದ್ದೀಯಾ?”

ಹೇಳಿಬಿಡೋಣ ಎಂದು ಬಾಯಿ ತೆರೆದೆ.

“ಒಳ್ಳೇದ್ ಮಾಡ್ದೆ. ರಬ್ರು ಒಣಗಲ್ಲ” ಎಂದರು. ಕುರ್ಚಿಯಲ್ಲಿ ನೊರೆ ಬಳಿದುಕೊಂಡು ಕೂತಿದ್ದವರ ಕಡೆ ತಿರುಗಿ, “ನೋಡಿ ಸ್ವಾಮಿ, ನಮ್ ಶಿಷ್ಯ ನನ್ ಪೀಸಿಗೆ ಎಣ್ಣೆಸ್ನಾನ ಮಾಡ್ಸವ್ನೆ!” ಎಂದು ನಕ್ಕರು. ತೆರೆದ ಬಾಯನ್ನು ಆ ಹೊಗಳಿಕೆ ಮುಚ್ಚಿಸಿತು.

ಊದಿದರು. ಕೀಕ್ ಎಂದಿತು. ರೀಡು ಬದಲಿಸಿದರು. ಮತ್ತೆ ಕೀಕ್. ಡೋಲಿನವನು ಸುಮ್ಮನಿರಲಿಲ್ಲ: “ಏನ್ ಮೇಷ್ಟ್ರೇ, ಒಳಗೆ ಕೋಳಿಮರಿ ಸಾಕಿದ್ದೀರಾ?”

“ಪೀಸು ಸುಳ್ಳಾಡಲ್ಲ ಕಣ್ಲಾ, ರೀಡು ಸುಳ್ಳಾಡ್ತದೆ” ಎಂದು ಮೇಷ್ಟ್ರು ಕತ್ತಿ ಹಿಡಿದರು. ಇದ್ದ ರೀಡನ್ನೆಲ್ಲ ಹೆರೆದರು. ಕೊನೆಗೆ ಒಂದು ಹೇಗೋ ದಾರಿಗೆ ಬಂದಂತೆ ಕಂಡಿತು. ಅದರ ಬೆನ್ನಿಗೆ ‘ಮು’ ಬರೆದರು.

ಆ ವಾರ ಹಳೇಬೀಡಿನಲ್ಲಿ ಮದುವೆ. ಬಸ್ಸು ಜಾವಗಲ್ ದಾಟುವವರೆಗೂ ಅವರು ಜೇಬಿನ ಬೆಂಕಿಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ!” ಎಂದು ಕೈಯೆತ್ತಿದರು. ಡೋಲನ್ನೂ ಮೀರಿ ಮೇಷ್ಟ್ರ ಸ್ಯಾಕ್ಸೋಫೋನು ಕಿರುಚಿತು. ಹೆಣ್ಣಿನ ಅಜ್ಜಿ ಕಿವಿ ಮುಚ್ಚಿಕೊಂಡು “ಅಯ್ಯೋ ಶಿವನೇ, ಇದೇನ್ ಅಪಶಕುನ!” ಎಂದರು. ತಲೆ ತಗ್ಗಿಸಿದ್ದ ಮದುಮಗಳು ಬೆದರಿ ಕತ್ತೆತ್ತಿದಳು. ಆ ಮುಖ ಈಗಲೂ ಕಣ್ಣಮುಂದಿದೆ. ಆಮೇಲೆ ಒಂದು ವರ್ಷ ಹಳೇಬೀಡಿನವರು ಯಾರೇ ಮಂಡಿಗೆ ಬಂದರೂ ಆ ಹುಡುಗಿ ಚೆನ್ನಾಗಿದ್ದಾಳಾ ಎಂದು ಏನೋ ನೆಪ ಹೂಡಿ ವಿಚಾರಿಸುತ್ತಿದ್ದೆ. ಹೆರಿಗೆ ಆಯಿತು, ತಾಯಿ ಮಗು ಕ್ಷೇಮ ಎಂದು ಕೇಳಿದ ದಿನ ಮಂಡಿಯ ಚೀಲಗಳ ಸಂದಿಯಲ್ಲಿ ಕೂತು ಅತ್ತೆ.

ಹಳೇಬೀಡಿನಿಂದ ಬಂದ ಮೇಲೆ, ಯಾವ ರೀಡೂ ದಾರಿಗೆ ಬಾರದ್ದರಿಂದ ಮೇಷ್ಟ್ರು ಬೆಂಗಳೂರಿನಿಂದ ಹೊಸ ಮೌತ್‌ಪೀಸ್ ತರಿಸಿದರು. ಅದರ ಬಾಯಿ ಹಳೆಯದಕ್ಕಿಂತ ಅಗಲ. ಹಳೆಯ ಗಟ್ಟಿ ರೀಡು ಅದಕ್ಕೆ ಹಾಕಿದರೆ ಎರಡರಷ್ಟು ಉಸಿರು ಬೇಕು. ಮೇಷ್ಟ್ರ ಕತ್ತಿನ ನರ ಉಬ್ಬುತ್ತಿತ್ತು. ಮೆತ್ತನೆಯದು ಹಾಕಿದರೆ ಸ್ವರ ಜೋಲುತ್ತಿತ್ತು. “ಹೊಸ ಸೊಸೆ ಕಣ್ಲಾ ಇದು. ಅದು ಬಗ್ಗಲ್ಲ, ನಾವೇ ಬಗ್ಬೇಕು” ಎನ್ನುತ್ತ ಎರಡು ತಿಂಗಳು ಮಧ್ಯಾಹ್ನವೆಲ್ಲ ಒಂದೇ ಸ್ವರ ಹಿಡಿದು ಕೂತರು. ನಡುವಿನ ಗಟ್ಟಿಯ ರೀಡು ತರಿಸಿ, ತುದಿ ಬಿಟ್ಟು ಎರಡು ಮಗ್ಗುಲು ಮಾತ್ರ ಹೆರೆದರು. ಹಲ್ಲಿನ ಒತ್ತು ಸಡಿಲಿಸುವುದನ್ನು ಮೊದಲಿಂದ ಕಲಿತರು. ಒಂದು ದಿನ ಸಲೂನಿನ ಕನ್ನಡಿಗಳೆಲ್ಲ ತುಂಬಿಕೊಂಡವು ಎನ್ನುವಂತೆ ಸ್ವರ ಬಂತು. ನಾನು ಬದುಕಿಕೊಂಡೆ ಎಂದುಕೊಂಡೆ.

ವೈಶಾಖದಲ್ಲಿ ಮಾದಿಹಳ್ಳಿಯ ಮದುವೆ. ಹಸೆಗೆ ಕರೆಯುವವರೆಗೂ ಜೇನಿನಂತೆ ನುಡಿಸಿದರು. ಪುರೋಹಿತರ ಕೈ ಮೇಲೆದ್ದದ್ದೇ ಮೇಷ್ಟ್ರಿಗೆ ಹಳೇಬೀಡು ನೆನಪಾಯಿತು. ಭಯಕ್ಕೆ ರೀಡನ್ನು ಕಚ್ಚಿ ಹಿಡಿದರು. ಬಾಯಿ ಕಟ್ಟಿದ ರೀಡು ಉಸಿರೇ ಬಿಡಲಿಲ್ಲ. ಸ್ಯಾಕ್ಸೋಫೋನು ಇಳಿಸಿ ನನ್ನತ್ತ ನೋಡಿದರು. “ಊದ್ಲಾ!”

ಊದಿದೆ. ಅಂದಿನಿಂದ ಗಟ್ಟಿಮೇಳ ನನ್ನದಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವರೆಂದರು: “ರೀಡ್ ಬದ್ಲಾಯಿಸ್ದೆ, ಪೀಸ್ ಬದ್ಲಾಯಿಸ್ದೆ. ಉಳ್ದಿದ್ದು ನನ್ ಬಾಯೊಂದೇ. ಅದೇ ಕೆಟ್ಟೋಗೈತೆ ಕಣ್ಲಾ.”

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಹೇಳಿದ್ದು ಇಷ್ಟು: “ವಯಸ್ಸಾಯ್ತಲ್ಲ, ಮೇಷ್ಟ್ರೇ.”

ಕಿಟಕಿಯ ಕಡೆ ಮುಖ ತಿರುಗಿಸಿ ಅವರು ಹೌದೆಂದು ತಲೆಯಾಡಿಸಿದರು.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ತೀರಿಕೊಂಡರು. ತಿಥಿಯ ದಿನ ಅವರ ಹೆಂಡತಿ ಒಂದು ಬಟ್ಟೆಯ ಗಂಟು ತಂದು ನನ್ನ ಕೈಗಿಟ್ಟರು. ಒಳಗೆ ಹಳೆಯ ಮೌತ್‌ಪೀಸು, ಬೆಂಕಿಪೆಟ್ಟಿಗೆ. “ಅವ್ನು ಎಣ್ಣೆ ಹಚ್ಚಿ ಕಾಪಾಡಿದ್ದು, ಅವ್ನಿಗೇ ಕೊಡು ಅಂದಿದ್ರು ಕಣಪ್ಪ.”

ಮನೆಗೆ ಬಂದು ‘ಮು’ ಬರೆದ ರೀಡನ್ನು ಪೀಸಿನ ಮೇಲಿಟ್ಟು ಕಿಟಕಿಗೆ ಹಿಡಿದೆ. ಒಂದು ಮಗ್ಗುಲಲ್ಲಿ ನೂಲಿನಷ್ಟು ಬೆಳಕು ನುಸುಳುತ್ತಿತ್ತು. ಅಂದಿನ ಕುದಿನೀರಿಗೆ ಪೀಸು ಸೊಟ್ಟಗಾಗಿತ್ತು. ಪ್ರತಿ ರೀಡನ್ನೂ ಬೆಳಕಿಗೆ ಹಿಡಿದವರು, ನಾನು ತೊಳೆದುಕೊಟ್ಟ ಪೀಸನ್ನು ಒಮ್ಮೆಯೂ ಹಿಡಿದು ನೋಡಿರಲಿಲ್ಲ.

ನನಗೀಗ ಹಲ್ಲಿಲ್ಲ, ಊದುವುದು ಬಿಟ್ಟು ಬಹಳ ಕಾಲವಾಯಿತು. ಎಲ್ಲಾದರೂ ಛತ್ರದಿಂದ ಗಟ್ಟಿಮೇಳ ಕೇಳಿದರೆ ಅದು ಮುಗಿಯುವವರೆಗೂ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಮೇಷ್ಟ್ರೇ, ಕೆಟ್ಟದ್ದು ನಿಮ್ಮ ಬಾಯಲ್ಲ. ನನ್ನದು.