ಲಂಡನ್ನಿನಿಂದ ಅರ್ಧ ದಿನ

ಅರವತ್ತರ ದಶಕದ ನಡುವಿನ ಒಂದು ಮಾಘ ಮಾಸ, ನಡುಮಧ್ಯಾಹ್ನ. ಹೊಸನಗರದಲ್ಲಿ ಬಸ್ಸಿಳಿದು, ಅಕ್ಕನ ಮನೆಯಿದ್ದ ಕೇರಿಯ ಬಾಯಲ್ಲಿ, ಬಾವಿಕಟ್ಟೆಯ ಪಕ್ಕ ನಿಂತಿದ್ದೆ. ಅಡುಗೆಯ ಹೊತ್ತು. ಆದರೆ ಯಾವ ಮನೆಯ ಹೆಂಚಿನ ಮೇಲೂ ಹೊಗೆಯಿರಲಿಲ್ಲ.

ನಾನು ಲಂಡನ್ನಿಗೆ ಹೋಗಿ ಕೆಲವು ವರ್ಷಗಳಾಗಿದ್ದವು. ಅಲ್ಲಿ ಬಾಡಿಗೆ ಕೋಣೆಯ ಒಲೆಗೆ ಮೀಟರ್ ಎಂಬ ಡಬ್ಬಿ ಇರುತ್ತಿತ್ತು. ಶಿಲ್ಲಿಂಗ್ ನಾಣ್ಯ ಹಾಕಿದರೆ ಗ್ಯಾಸು. ಅದು ಮುಗಿದರೆ ಅನ್ನ ಅರ್ಧ ಬೆಂದಲ್ಲೇ ನಿಲ್ಲುತ್ತಿತ್ತು. ಮೇಲಿನ ಕೋಣೆಯ ಮುದುಕರು ತೀರಿಕೊಂಡ ದಿನ ನಾನು ಒಲೆ ಹಚ್ಚದೆ ಕುಳಿತಿದ್ದೆ. ಕೆಳಗೆ ಮನೆಯೊಡತಿ ಮೀನು ಹುರಿಯುತ್ತಿದ್ದಳು. ನನ್ನನ್ನು ಕಂಡು, ಮೈ ಹುಷಾರಿಲ್ಲವೇ ಎಂದು ಕೇಳಿದಳು. ನಮ್ಮಲ್ಲಿ ಹೆಣ ಹೊರಡುವವರೆಗೆ ಇಡೀ ಕೇರಿ ಒಲೆ ಹಚ್ಚುವುದಿಲ್ಲವೆಂದು ಹೇಳುವಷ್ಟು ಇಂಗ್ಲಿಷು ನನಗಾಗ ಬರುತ್ತಿರಲಿಲ್ಲ.

ಹಿಂದಿನ ಸಲ ಊರಿಗೆ ಬಂದಾಗ ಭಾವನ ಜಗಲಿಯಲ್ಲಿ ಲಂಡನ್ ಎಷ್ಟು ದೂರವೆಂಬ ಮಾತೆದ್ದಿತ್ತು. "ಐದು ಸಾವಿರ ಮೈಲಿಯ ಹತ್ತಿರ. ವಿಮಾನದಲ್ಲಿ ಅರ್ಧ ದಿನ" ಎಂದಿದ್ದೆ.

"ಹಂಗಾರೆ ತೀರ್ಥಳ್ಳಿಗೆ ಹೋಗಿ ಬರೋದ್ಕಿಂತ ನಿನ್ನ ಲಂಡನ್ನೇ ಸಲೀಸು ಬಿಡು" ಎಂದು ಭಾವ ನಕ್ಕಿದ್ದರು.

ಅಕ್ಕ ನಗಲಿಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. "ಅಷ್ಟೇನಾ? ಹಂಗಾರೆ ನಾನು ಹೋಗೋ ಹೊತ್ತಿಗೆ ಮುಖ ನೋಡಕ್ಕೆ ಬರ್ತೀ" ಅಂದಳು. ಬರುತ್ತೇನೆ ಎಂದೆ.

ಅಕ್ಕನಿಗೆ ಕಾಯಿಲೆ ಜೋರೆಂದು ತಂತಿ ಬಂದಾಗ, ವಿಮಾನದಲ್ಲಿ ಹೊರಟೆನೆಂದು ಮರುತಂತಿ ಕೊಟ್ಟು ಹೊರಟೆ. ಅರ್ಧ ದಿನದಲ್ಲಿ ಬೊಂಬಾಯಿ ಮುಟ್ಟಿದ್ದು ನಿಜ. ಅಲ್ಲಿಂದ ರೈಲು, ಬೀರೂರಿನಲ್ಲಿ ಮತ್ತೊಂದು ರೈಲು, ಶಿವಮೊಗ್ಗದಲ್ಲಿ ಕಣ್ಣೆದುರೇ ತಪ್ಪಿಹೋದ ಬಸ್ಸು. ಬೊಂಬಾಯಿಯಿಂದ ಈಚಿನ ಆ ತುಂಡು ದಾರಿ ಸಮುದ್ರಗಳ ಮೇಲಿನ ದಾರಿಯ ನಾಲ್ಕರಷ್ಟು ಹೊತ್ತು ತಿಂದಿತು.

ಕೇರಿಯ ಮೊದಲ ಮನೆಯ ಬಾಗಿಲಲ್ಲಿ ಬಾಣಂತಿ ಗಂಗಮ್ಮ ಅಳುವ ಕೂಸನ್ನು ಎತ್ತಿಕೊಂಡು ನಿಂತಿದ್ದಳು.

"ಈಗಷ್ಟೇ ತಗಂಡು ಹೋದ್ರು ಶೀನಣ್ಣ. ನಿನ್ನೆ ಬೆಳಿಗ್ಗಿಂದ ನಿಮ್ಮನ್ನೇ ಕಾದ್ವಿ. ಓಡಿ."

ನಿನ್ನೆ ಬೆಳಿಗ್ಗೆಯಿಂದ. ಅಷ್ಟೂ ಹೊತ್ತು ಒಂದು ಮನೆಯಲ್ಲೂ ಬೆಂಕಿಯಿಲ್ಲ. ಬಾಣಂತಿಗೂ ಬಿಸಿ ಗಂಜಿಯಿಲ್ಲ. ಓಡಿದೆ. ಗುಡ್ಡದ ಮೇಲೆ ಸೌದೆಗೆ ಆಗಲೇ ಬೆಂಕಿ ಹಿಡಿದಿತ್ತು. ಅಕ್ಕನ ಮುಖ ಕಾಣಲಿಲ್ಲ.

ಭಾವ ನನ್ನ ಕೈ ಹಿಡಿದರು. "ಅರ್ಧ ದಿನ ಅಂದಿದ್ಯಲ್ಲ ಮಾರಾಯ. ತಡ ಆದ್ರೂ ನಿನ್ನೆ ಸಂಜೆಗೆ ಬಂದ್ಬಿಡ್ತೀ ಅಂದ್ಕಂಡ್ವಿ. ಗಂಗಮ್ಮಂಗೆ ಎದೆಹಾಲು ಬತ್ತಿಹೋತು. ಕೂಸು ಅಳೋದು ಕೇಳಕ್ಕಾಗ್ದೆ ನಾನೇ ನಿನ್ನಕ್ಕನ್ನ ಎತ್ತಿ ಅಂದೆ."

ಅವರ ಮುಖ ನೋಡಲಾರದೆ ಹಿಂದೆ ತಿರುಗಿದೆ. ಕೆಳಗೆ ಕೇರಿಯಲ್ಲಿ ಒಂದು ಹೆಂಚಿನ ಸಂದಿಯಿಂದ ಹೊಗೆ ಎದ್ದಿತು. ಸ್ವಲ್ಪ ತಡೆದು ಇನ್ನೊಂದು.

ಲಂಡನ್ನಿನ ಆ ಮೀಟರುಗಳು ಹೋಗಿ ಎಷ್ಟೋ ಕಾಲವಾಯಿತು. ಆದರೂ ಗ್ಯಾಸು ಹಚ್ಚುವ ಮುನ್ನ ಕೈ ಒಮ್ಮೆ ತಡೆಯುತ್ತದೆ. ಇಲ್ಲಿ ನನಗಾಗಿ ಯಾರೂ ಹಸಿದು ಕೂರುವುದಿಲ್ಲ. ಅಲ್ಲಿ ಹಸಿದು ಕೂತವರನ್ನು ನಾನು ಹೊತ್ತಿಗೆ ಮುಟ್ಟಲಿಲ್ಲ.

ಭಾವ ಈಗಿಲ್ಲ. ಆ ಹೊಗೆ ಏಳುವುದನ್ನು ಕಂಡವರಲ್ಲಿ ಉಳಿದಿರುವುದು ನಾನು ಮತ್ತು ಗಂಗಮ್ಮ. ಊರಿಗೆ ಹೋದಾಗಲೆಲ್ಲ ಅವಳು ಮೊದಲು ಅನ್ನಕ್ಕಿಟ್ಟು, ಆಮೇಲೆ ಕೇಳುತ್ತಾಳೆ: "ಮನೆ ಬಾಗ್ಲು ಮುಟ್ಟಕ್ಕೆ ಎಷ್ಟು ಹೊತ್ತಾತು ಶೀನಣ್ಣ, ಈ ಸಲ?"